ಕಾಡಿನ ಕಾಗದಕ್ಕೆ ಹೊಣೆಯುಳ್ಳ ಸಹಿ ಬೇಕು: ಅರಣ್ಯಶಾಸ್ತ್ರ ಪದವೀಧರರ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಅರಣ್ಯ ಸಚಿವರು ಮತ್ತು ಮಾನ್ಯ ಕೃಷಿ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ನಾಲ್ಕು ವರ್ಷ ಓದಿ ಅರಣ್ಯಶಾಸ್ತ್ರ ಪದವಿ ಪಡೆದವರು ಮತ್ತು ಈಗ ಅಲ್ಲಿ ಓದುತ್ತಿರುವವರು ಕೂಡಿ ಈ ಪತ್ರವನ್ನು ತಮ್ಮ ಮುಂದಿಡುತ್ತಿದ್ದೇವೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2016ರಲ್ಲಿ ಕೃಷಿ ವಿಜ್ಞಾನಗಳ ಸ್ನಾತಕ ಪದವಿಗಳನ್ನು ವೃತ್ತಿಪರ ಪದವಿಗಳೆಂದು ಘೋಷಿಸಿತು. ಆ ಪಟ್ಟಿಯಲ್ಲಿ ನಮ್ಮ ಪದವಿಯೂ ಇದೆ. ಪದವಿಯೇನೋ ವೃತ್ತಿಪರವಾಯಿತು. ಆದರೆ ಆ ವೃತ್ತಿ ಯಾವುದು, ಅದನ್ನು ಯಾರು ಮಾಡಬಹುದು, ತಪ್ಪು ಮಾಡಿದರೆ ಕೇಳುವವರು ಯಾರು ಎಂಬುದನ್ನು ಈ ದೇಶದ ಯಾವ ಕಾಯ್ದೆಯೂ ಹೇಳಿಲ್ಲ.

ಕಾನೂನು ಪದವಿ ಪಡೆದವರು 1961ರ ವಕೀಲರ ಕಾಯ್ದೆಯಡಿ ಸನ್ನದು ಪಡೆಯದೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಪಶುವೈದ್ಯರಿಗೆ 1984ರ ಕಾಯ್ದೆಯಿದೆ, ಔಷಧಿ ಕೊಡುವವರಿಗೆ 1948ರ ಫಾರ್ಮಸಿ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರದ್ದು. ಊರಿನಲ್ಲಿ ಒಂದು ಸೈಟಿನ ಮೇಲೆ ಮನೆ ಕಟ್ಟಬೇಕಾದರೂ ನಕ್ಷೆಗೆ ನೋಂದಾಯಿತ ಎಂಜಿನಿಯರರ ಸಹಿ ಕೇಳುತ್ತಾರೆ. ನೂರಾರು ಹೆಕ್ಟೇರ್ ಕಾಡನ್ನು ಯೋಜನೆಯೊಂದಕ್ಕೆ ಬಿಟ್ಟುಕೊಡುವಾಗ ತಯಾರಾಗುವ ಮರಗಳ ಪಟ್ಟಿಗೆ ಅರಣ್ಯಶಾಸ್ತ್ರ ಓದಿದ, ನೋಂದಣಿ ಪಡೆದ ಒಬ್ಬರ ಸಹಿ ಇರಲೇಬೇಕೆಂಬ ಕಾಯ್ದೆ ಇಲ್ಲ. ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ನಮ್ಮ ಪದವಿಯನ್ನು ಅರ್ಹತೆಯೆಂದು ಹೆಸರಿಸಿವೆ. ನಮ್ಮಲ್ಲಿ ಬಹಳಷ್ಟು ಮಂದಿ ಇಂದು ಸಾಲದ ಅರ್ಜಿ ಪರಿಶೀಲಿಸುತ್ತಿದ್ದಾರೆ. ಆ ಕೆಲಸದ ಬಗ್ಗೆ ನಮಗೆ ಅಗೌರವವಿಲ್ಲ. ಕಾಡು ಓದಿದವರನ್ನು ಕಾಡಿನ ಕೆಲಸಕ್ಕೆ ಹೆಸರು ಹಿಡಿದು ಕರೆಯುವ ನಿಯಮ ಇಲ್ಲವಲ್ಲ ಎಂಬುದೇ ನಮ್ಮ ಸಂಕಟ.

ನಮ್ಮ ಹೋರಾಟ ಎಂದರೆ ವಲಯ ಅರಣ್ಯಾಧಿಕಾರಿ ಮತ್ತು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎಸಿಎಫ್) ಹುದ್ದೆಗಳಲ್ಲಿ ಶೇಕಡಾ ಎಷ್ಟು ಪಾಲು ಎಂಬ ಜಗಳ ಎಂದೇ ಹೊರಗಿನವರು ತಿಳಿದಿದ್ದಾರೆ. ತರಗತಿ ಬಿಟ್ಟು ಕಾಲೇಜಿನ ಗೇಟಿನ ಮುಂದೆ ಕುಳಿತು ಆ ಪಾಲನ್ನು ಕೇಳಿದವರು ನಾವೇ. ಆ ಬೇಡಿಕೆಯನ್ನು ಬಿಟ್ಟಿಲ್ಲ, ಕೆಳಗೆ ಏಳನೆಯದಾಗಿ ಬರೆದಿದ್ದೇವೆ. ಆದರೆ ನೇಮಕಾತಿ ಬರುವುದು ಎಷ್ಟೋ ವರ್ಷಕ್ಕೊಮ್ಮೆ, ಹುದ್ದೆಗಳು ಬೆರಳೆಣಿಕೆ. ಕಾಡಿನ ಕೆಲಸ ಮಾತ್ರ ದಿನವೂ ನಡೆಯುತ್ತದೆ. ಸರ್ಕಾರಿ ಜಾಗದಲ್ಲೂ ನಡೆಯುತ್ತದೆ, ರೈತರ ಹೊಲದಲ್ಲೂ, ನಗರದ ರಸ್ತೆಬದಿಯಲ್ಲೂ. ಆ ಕೆಲಸಕ್ಕೆ ಅರ್ಹತೆ ಯಾವುದೆಂದು ಗೊತ್ತುಪಡಿಸಿ, ಅರ್ಹತೆ ಪಡೆದವರ ತಲೆಯ ಮೇಲೆ ಹೊಣೆ ಹೊರಿಸಿ ಎಂದು ಕೇಳಲು ಈ ಪತ್ರ ಬರೆದಿದ್ದೇವೆ.

1. ಕರ್ನಾಟಕ ವಿಧಾನಮಂಡಲವು ಅರಣ್ಯ ವೃತ್ತಿಪರರ ನೋಂದಣಿಗೆ ಪ್ರತ್ಯೇಕ ಕಾಯ್ದೆ ಮಾಡಬೇಕು, ಅದರಡಿ ಶಾಸನಬದ್ಧ ಪರಿಷತ್ತು ರಚಿಸಬೇಕು.

ಇದು ಕೇಂದ್ರದ ಕೆಲಸ, ರಾಜ್ಯಕ್ಕೆ ಅಧಿಕಾರವಿಲ್ಲ ಎಂಬ ಉತ್ತರ ನಮಗೆ ಬಾಯಿಮಾತಿನಲ್ಲಿ ಬಂದಿದೆ. ಸಂವಿಧಾನದ ಏಳನೇ ಅನುಸೂಚಿ ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ. ಸಮವರ್ತಿ ಪಟ್ಟಿಯ 26ನೇ ನಮೂದು ಕಾನೂನು, ವೈದ್ಯಕೀಯ ಮತ್ತು ಇತರ ವೃತ್ತಿಗಳ ಬಗ್ಗೆ ಇದೆ. ಅರಣ್ಯ ವಿಷಯ 1976ರ 42ನೇ ತಿದ್ದುಪಡಿಯಿಂದ ಅದೇ ಪಟ್ಟಿಗೆ 17ಎ ನಮೂದಾಗಿ ಬಂದಿದೆ. ಎರಡೂ ಸಮವರ್ತಿ. ಕೇಂದ್ರದ ಕಾಯ್ದೆ ಇಲ್ಲದ ಕಡೆ ರಾಜ್ಯ ಮುಂದೆ ಹೋಗಬಹುದು. ಆಯುರ್ವೇದ, ಯುನಾನಿ, ಸಿದ್ಧ, ಪ್ರಕೃತಿ ಚಿಕಿತ್ಸೆಯವರ ನೋಂದಣಿಗೆ ಕೇಂದ್ರ ಎಚ್ಚೆತ್ತುಕೊಳ್ಳುವ ಮೊದಲೇ 1961ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯ್ದೆ ಮಾಡಿತ್ತು. ಅಂದು ಆದದ್ದು ಇಂದು ಆಗಬಾರದೆಂದೇನಿಲ್ಲ.

ಪರಿಷತ್ತು ಅರಣ್ಯ ಇಲಾಖೆಯ ಇನ್ನೊಂದು ಶಾಖೆಯಾಗಬಾರದು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೋಂದಾಯಿತ ವೃತ್ತಿಪರರಿಂದ ಚುನಾಯಿತರಾಗಿರಬೇಕು. ಉಳಿದವರಲ್ಲಿ ಮರ ಬೆಳೆಯುವ ರೈತರು, ಅರಣ್ಯವಾಸಿ ಸಮುದಾಯದವರು, ಕಾನೂನು ಬಲ್ಲವರು ಇರಲೇಬೇಕು. ಇಲಾಖೆಯ ಪ್ರತಿನಿಧಿಗಳು ಇರಲಿ, ಅಧ್ಯಕ್ಷಗಿರಿ ಅವರ ಹಕ್ಕಾಗಬಾರದು.

2. ಯಾವ ಯಾವ ಕೆಲಸಕ್ಕೆ ನೋಂದಾಯಿತ ವೃತ್ತಿಪರರ ಸಹಿ ಕಡ್ಡಾಯ ಎಂಬುದನ್ನು ಕಾಯ್ದೆಯ ಅನುಸೂಚಿಯಲ್ಲೇ ಬರೆಯಬೇಕು.

ಈ ಪತ್ರದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಕೆಲಸ ಗೊತ್ತುಪಡಿಸದೆ ಬರೀ ಬಿರುದು ಕೊಟ್ಟರೆ ಅದು ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಾಗುತ್ತದೆ. ಅನುಸೂಚಿಯಲ್ಲಿ ಕನಿಷ್ಠ ಇವಿಷ್ಟು ಇರಬೇಕು: ಅರಣ್ಯ ಜಮೀನನ್ನು ಬೇರೆ ಉದ್ದೇಶಕ್ಕೆ ಕೊಡುವಾಗಿನ ಮರಗಳ ಎಣಿಕೆ, ಪರಿಹಾರಾತ್ಮಕ ಅರಣ್ಯೀಕರಣದ ಸ್ಥಳ ಮತ್ತು ಜಾತಿಗಳ ಆಯ್ಕೆ, ಪರಿಸರ ಪರಿಣಾಮ ವರದಿಯಲ್ಲಿ ಕಾಡಿನ ಕುರಿತ ಅಧ್ಯಾಯ, ಖಾಸಗಿ ನೆಡುತೋಪಿನ ಮೌಲ್ಯಮಾಪನ, ಮಾರಾಟಕ್ಕಿಟ್ಟ ಸಸಿಗಳ ಮೂಲದ ದೃಢೀಕರಣ, ನಗರದ ಮರಗಳ ಆರೋಗ್ಯ ತಪಾಸಣೆ.

ಮರ ಎಣಿಸುವುದಕ್ಕೆ ಓದೇಕೆ ಎಂದು ಕೇಳುವವರಿದ್ದಾರೆ. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಬೇಕು. ಇಳಿಜಾರಿನಲ್ಲಿ ಮರ ನಿಂತಿದ್ದರೆ ಮೇಲ್ಬದಿಯಿಂದ ಆ ಎತ್ತರ ಹಿಡಿಯಬೇಕು. ಮರ ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡು ಮರ, ಮೇಲೆ ಕವಲೊಡೆದಿದ್ದರೆ ಒಂದೇ ಮರ. ಬುಡದಲ್ಲಿ ಹಲಗೆಯಂಥ ಬೇರು ಎದ್ದಿದ್ದರೆ ಅದರ ಮೇಲಕ್ಕೆ ಹೋಗಿ ಅಳೆಯಬೇಕು. ಈ ಸಣ್ಣ ನಿಯಮಗಳಲ್ಲಿ ಒಂದು ತಪ್ಪಿದರೂ ಘಟ್ಟದ ಇಳಿಜಾರಿನ ಕಾಡಿನಲ್ಲಿ ಪಟ್ಟಿಯೇ ಬದಲಾಗುತ್ತದೆ. ಇದಕ್ಕಿಂತ ದೊಡ್ಡ ಅನಾಹುತ ಜಾತಿಯ ಕಾಲಮ್ಮಿನಲ್ಲಿದೆ. ತೇಗ, ಬೀಟೆ, ಮತ್ತಿ, ನಂದಿ, ಹೊನ್ನೆ ಎಂದು ಹೆಸರು ಬರೆದಾದ ಮೇಲೆ ಉಳಿದದ್ದನ್ನೆಲ್ಲ ‘ಜಂಗಲ್‌ವುಡ್’ ಎಂಬ ಒಂದೇ ಪದದಲ್ಲಿ ಮುಗಿಸುವ ರೂಢಿಯಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಎಂಬ ಜೌಗು ಕಾಡಿನಲ್ಲಿ ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾನಿನ ಹೆಸರನ್ನೇ ಅದಕ್ಕಿಟ್ಟರು. ಜಗತ್ತಿನಲ್ಲಿ ಅಷ್ಟು ವಿರಳವಾದ ಮರವೂ ಆ ಕಾಲಮ್ಮಿಗೆ ಬಿದ್ದರೆ ಬರೀ ಜಂಗಲ್‌ವುಡ್. ಪಟ್ಟಿ ಓದಿ ತೀರ್ಮಾನ ಮಾಡುವವರಿಗೆ ಅಲ್ಲೊಂದು ಜಡ್ಡಿ ಇದೆಯೆಂದು ಗೊತ್ತಾಗುವ ದಾರಿಯೇ ಇರುವುದಿಲ್ಲ. ಶರಾವತಿ ಕಣಿವೆಯ ಭೂಗತ ವಿದ್ಯುತ್ ಯೋಜನೆಯಿರಲಿ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವಿರಲಿ, ಬೇಕು ಎನ್ನುವವರೂ ಬೇಡ ಎನ್ನುವವರೂ ಕಾದಾಡುವುದು ಇಂಥ ಪಟ್ಟಿಗಳ ಮೇಲೆಯೇ. ಅದನ್ನು ಬರೆದವರು ಯಾರು, ಅವರ ನೋಂದಣಿ ಸಂಖ್ಯೆ ಎಷ್ಟು ಎಂಬುದು ಪುಟದ ಕೊನೆಯಲ್ಲಿ ಕಾಣಬೇಕು.

ರೈತರ ವಿಷಯಕ್ಕೆ ಬಂದರೆ ನಷ್ಟ ಇನ್ನೂ ನೇರ. ಖಾಸಗಿ ನಾಟಾ ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ನಡುವಿನಲ್ಲಿ 120 ಸೆಂಟಿಮೀಟರ್ ಸುತ್ತಳತೆಯ, 3 ಮೀಟರ್ ಉದ್ದದ ದಿಮ್ಮಿಯೊಂದನ್ನು ತೆಗೆದುಕೊಳ್ಳಿ. ಆ ಲೆಕ್ಕದಲ್ಲಿ ಅದು 0.27 ಘನ ಮೀಟರ್. ದುಂಡು ದಿಮ್ಮಿಯ ನಿಜವಾದ ಗಾತ್ರ ಸುಮಾರು 0.344 ಘನ ಮೀಟರ್. ನೂರರಲ್ಲಿ ಇಪ್ಪತ್ತೊಂದೂವರೆ ಪಾಲು ಕಾಗದದ ಮೇಲೆ ಮಾಯವಾಯಿತು. ಸಿಪ್ಪೆ, ಕೊಯ್ತದ ನಷ್ಟಕ್ಕೆಂದು ಬಿಟ್ಟ ಪಾಲು ಇದು ಎಂದು ವ್ಯಾಪಾರಿ ಹೇಳುತ್ತಾರೆ. ದರವನ್ನೂ ಅದಕ್ಕೆ ತಕ್ಕಂತೆ ಏರಿಸಿದ್ದರೆ ಮೋಸವಿಲ್ಲ. ಆದರೆ ಇಪ್ಪತ್ತು ವರ್ಷ ಸಾಕಿದ ತೇಗವನ್ನು ಮಾರುವ ರೈತನಿಗೆ ಯಾವ ಲೆಕ್ಕಕ್ಕೆ ಯಾವ ದರ ಎಂದು ಬಿಡಿಸಿ ಹೇಳುವವರೇ ಆ ಹೊತ್ತಿಗೆ ಅಲ್ಲಿರುವುದಿಲ್ಲ. ಇದ್ದರೂ ಅವರು ಕೊಳ್ಳುವವರ ಕಡೆಯವರು.

ಶ್ರೀಗಂಧದ ಕಥೆಯೂ ಇದೇ. 2001ರ ತಿದ್ದುಪಡಿಯಿಂದ ಜಮೀನಿನ ಒಡೆಯರೇ ಗಂಧದ ಮರದ ಒಡೆಯರಾದರು. ಒಳ್ಳೆಯ ಬದಲಾವಣೆ. ಅದರ ಬೆನ್ನಿಗೇ ಎಕರೆಗೆ ಇಷ್ಟು ಕೋಟಿ ಎಂಬ ಕರಪತ್ರಗಳೂ ಬಂದವು. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿ ಆಹಾರ ಪಡೆಯುತ್ತದೆ. ಕುಂಡದಲ್ಲಿರುವಾಗಲೇ ಒಂದು ಆಸರೆ ಗಿಡ, ಹೊಲದಲ್ಲಿ ತೊಗರಿ, ಹೊಂಗೆ, ಗಾಳಿಮರದಂಥದ್ದು ಬೇಕು. ಬಯಲುಸೀಮೆಯಲ್ಲಿ ಆಸರೆಯಿಲ್ಲದೆ ಸಾಲು ಹಿಡಿದು ನೆಟ್ಟ, ಎಲೆ ಹಳದಿಯಾಗಿ ಬಡವಾದ ಗಂಧದ ತೋಟಗಳನ್ನು ನಾವು ಕಂಡಿದ್ದೇವೆ. ಮರದ ಬೆಲೆಯಿರುವುದು ಚೇಗಿನಲ್ಲಿ. ಚೇಗು ಎಷ್ಟು ವರ್ಷಕ್ಕೆ ಎಷ್ಟು ಕೂಡುತ್ತದೆ ಎಂಬುದು ಮಣ್ಣು, ಮಳೆ, ತಳಿಯ ಮೇಲೆ ನಿಂತಿದೆ. ಹೆಬ್ಬೇವು, ಮಹಾಗನಿಗಳ ವಿಷಯದಲ್ಲೂ ಹೀಗೆಯೇ ಭರವಸೆ ಮಾರಾಟವಾಗಿದೆ. ಸಸಿ ಮಾರಿದವರು ಯಾರೂ ಹೊಣೆಯಲ್ಲ. ಇಳುವರಿಯ ಅಂದಾಜು ಬರೆದುಕೊಟ್ಟವರ ಸಹಿಗೆ ಕಾನೂನಿನ ಭಾರವಿದ್ದರೆ ಆ ಕರಪತ್ರಗಳಲ್ಲಿ ಅರ್ಧ ಅಚ್ಚೇ ಆಗುತ್ತಿರಲಿಲ್ಲ.

3. ಪದವಿಯೊಂದೇ ಸನ್ನದಿಗೆ ಸಾಲದು. ಪದವಿಯ ನಂತರ ಎರಡು ವರ್ಷದ ಮೇಲ್ವಿಚಾರಣೆಯ ಕ್ಷೇತ್ರಕಾರ್ಯ, ಅದಾದ ಮೇಲೆ ಪರೀಕ್ಷೆ, ಆಮೇಲೆ ನೋಂದಣಿ ಎಂದು ಕಾಯ್ದೆಯಲ್ಲಿ ಬರೆಯಬೇಕು.

ಪದವೀಧರರಾದ ನಾವೇ ಇದನ್ನು ಕೇಳುತ್ತಿದ್ದೇವೆ. ಅಮೆರಿಕದ ಕ್ಯಾಲಿಫೋರ್ನಿಯಾ 1972ರಲ್ಲೇ ವೃತ್ತಿಪರ ಅರಣ್ಯಶಾಸ್ತ್ರಜ್ಞರ ಕಾಯ್ದೆ ಮಾಡಿತು. ಅಲ್ಲಿ ನೋಂದಣಿಗೆ ಏಳು ವರ್ಷದ ಅನುಭವ ಬೇಕು. ಅರಣ್ಯಶಾಸ್ತ್ರ ಪದವಿಯಿದ್ದರೆ ಅದು ನಾಲ್ಕು ವರ್ಷಕ್ಕೆ ಸಮ, ಉಳಿದ ಮೂರನ್ನು ಕಾಡಿನಲ್ಲೇ ಕಳೆಯಬೇಕು, ಆಮೇಲೆ ಪರೀಕ್ಷೆ. ಖಾಸಗಿ ಕಾಡಿನಲ್ಲಿ ನಾಟಾ ಕಡಿತಲೆಯ ಯೋಜನೆಯನ್ನು ನೋಂದಾಯಿತರಲ್ಲದೆ ಬೇರೆಯವರು ತಯಾರಿಸುವಂತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅರಣ್ಯ ವೃತ್ತಿಪರರ ಸಂಸ್ಥೆ 1947ರಿಂದ ಇದೆ. ಈಗ ಅದು 2018ರ ವೃತ್ತಿ ಆಡಳಿತ ಕಾಯ್ದೆಯಡಿ ಕೆಲಸ ಮಾಡುತ್ತದೆ. ಓದು ಮುಗಿಸಿದವರು ಅಲ್ಲಿ ಮೊದಲು ತರಬೇತಿಯಲ್ಲಿರುವವರೆಂದು ದಾಖಲಾಗುತ್ತಾರೆ. ಆ ನಾಡುಗಳ ಕಾಡೂ ಒಡೆತನವೂ ಬೇರೆ. ಅವರ ಕಾಯ್ದೆಯನ್ನು ಹಾಗೆಯೇ ಇಲ್ಲಿ ಇಳಿಸಿ ಎನ್ನುತ್ತಿಲ್ಲ. ಓದು, ಕ್ಷೇತ್ರದ ಪಳಗುವಿಕೆ, ಪರೀಕ್ಷೆ ಮೂರೂ ಸೇರಿ ಅರ್ಹತೆ ಎಂಬ ಕ್ರಮ ಮಾತ್ರ ನಮಗೂ ಒಪ್ಪುತ್ತದೆ.

ಪುಸ್ತಕದ ಓದು ಮಾತ್ರವಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಬಿದಿರೇ ಸಾಕ್ಷಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1950ರ ದಶಕದಿಂದ ನಮ್ಮ ಕಾಡಿನ ಬಿದಿರು ಹೋಗತೊಡಗಿತು. ಬಿದಿರು ಮುಗಿಯುತ್ತಾ ಬಂದಾಗ, 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಕಾರಣ ಹುಡುಕುತ್ತಾ ಈ ಕಾಡುಗಳಲ್ಲಿ ತಿರುಗಿದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಕೊಂಬೆಗಳನ್ನು ಸವರಿ ಸ್ವಚ್ಛಗೊಳಿಸಿದರೆ ಇಕ್ಕಟ್ಟು ಕಡಿಮೆಯಾಗಿ ಹೊಸ ಬಿದಿರು ಚೆನ್ನಾಗಿ ಬರುತ್ತದೆ ಎಂದು ಇಲಾಖೆ ನಂಬಿತ್ತು, ಹಾಗೆ ಮಾಡಿಸುತ್ತಲೂ ಇತ್ತು. ಹಳ್ಳಿಯವರು ಬೇರೆಯೇ ಹೇಳಿದರು: ಆ ಮುಳ್ಳು ಇರುವುದರಿಂದಲೇ ಕಳಲೆ ದನದ ಬಾಯಿಗೆ ಸಿಗದೆ ಉಳಿಯುತ್ತದೆ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಸ್ವಚ್ಛ ಮಾಡಿದ ಮೆಳೆಗಳಲ್ಲಿ ಕಳಲೆ ಮೇಯಲ್ಪಟ್ಟು ಮೆಳೆ ಸೊರಗುತ್ತಿತ್ತು. ಮುಳ್ಳು ಸವರಿಸಿದವರು ಅಪ್ರಾಮಾಣಿಕರಾಗಿರಲಿಲ್ಲ, ಓದಿದವರೇ ಆಗಿದ್ದರು. ಬರೆದ ಸೂಚನೆಯನ್ನು ಕಾಡಿಗೆ ಹೋಗಿ ಪರೀಕ್ಷಿಸುವ, ಊರವರನ್ನು ಕೇಳುವ ಕಡ್ಡಾಯ ಅವರಿಗಿರಲಿಲ್ಲ.

ಆದ್ದರಿಂದ ಎರಡು ವರ್ಷದ ಕ್ಷೇತ್ರಕಾರ್ಯವನ್ನು ಒಂದೇ ಬಗೆಯ ಕಾಡಿನಲ್ಲಿ ಮುಗಿಸಬಾರದು. ಒಂದು ಮಳೆಗಾಲವಾದರೂ ಮಲೆನಾಡಿನಲ್ಲಿ, ಒಂದು ಬೇಸಿಗೆಯಾದರೂ ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಕಳೆಯಬೇಕು. ಪರೀಕ್ಷೆಯಲ್ಲಿ ಬರವಣಿಗೆಯ ಜೊತೆ ಕಾಡಿನಲ್ಲೇ ನಿಂತು ತೊಗಟೆ, ಎಲೆ, ಹಾಲು ನೋಡಿ ಮರ ಗುರುತಿಸುವ ಭಾಗವಿರಬೇಕು. ಒಂದು ವರದಿಯನ್ನು ಗ್ರಾಮಸಭೆಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ತೋರಿಸಬೇಕು. ಆ ಎರಡು ವರ್ಷಕ್ಕೆ ಶಿಷ್ಯವೇತನ ಕೊಡಬೇಕು. ಕೊಡದಿದ್ದರೆ ಸನ್ನದು ಅನುಕೂಲಸ್ಥರ ಮಕ್ಕಳಿಗೆ ಮಾತ್ರ ದಕ್ಕುತ್ತದೆ.

4. ಪದವಿಯಿಲ್ಲದ ಅನುಭವಿಗಳಿಗೂ ನೋಂದಣಿಯ ಹಾದಿ ಇರಬೇಕು. ಇಪ್ಪತ್ತು–ಮೂವತ್ತು ವರ್ಷ ಗಸ್ತು ತಿರುಗಿದ ಅರಣ್ಯ ವೀಕ್ಷಕರಲ್ಲಿ, ಉಪ ವಲಯ ಅರಣ್ಯಾಧಿಕಾರಿಗಳಲ್ಲಿ ನಮಗೆ ಗಿಡ ಗುರುತಿಸಲು ಕಲಿಸಿದ ಗುರುಗಳಿದ್ದಾರೆ. ಕ್ಯಾಲಿಫೋರ್ನಿಯಾದ ಕಾಯ್ದೆಯಲ್ಲೂ ಪದವಿಯಿಲ್ಲದವರು ಏಳೂ ವರ್ಷವನ್ನು ಅನುಭವದಿಂದಲೇ ತುಂಬಿಕೊಂಡು ಪರೀಕ್ಷೆಗೆ ಕೂರಬಹುದು. ಹಾಗೆಯೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಕೃಷಿ, ತೋಟಗಾರಿಕೆ ಓದಿದವರಿಗೆ ಕೊರತೆಯ ವಿಷಯಗಳನ್ನು ಓದಿಸುವ ಸೇತುಬಂಧ ಕೋರ್ಸ್ ಇರಲಿ. ನಮ್ಮ ಪದವಿಗೆ ಬೇಲಿ ಕಟ್ಟಿಕೊಳ್ಳಲು ಹೊರಟಿದ್ದೇವೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ನಮ್ಮಲ್ಲಿಲ್ಲ.

5. ಅರಣ್ಯವಾಸಿಗಳ ಹಕ್ಕಿಗೆ ಈ ಕಾಯ್ದೆಯ ಒಂದಕ್ಷರವೂ ಅಡ್ಡ ಬರಬಾರದು. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯಗಳಿಗೆ ತಮ್ಮ ಕಾಡನ್ನು ಕಾಯುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕು ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು ಹುಲಿ ಸಂರಕ್ಷಿತ ಪ್ರದೇಶದೊಳಗೇ. ಬೇಸಿಗೆ ಬಲಿಯುವ ಮೊದಲೇ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೇಗೆ ಹಬ್ಬಿತು ಎಂಬುದನ್ನು ಅವರು ವರ್ಷಗಳಿಂದ ಹೇಳುತ್ತಿದ್ದಾರೆ. ಸಂಶೋಧಕರು ಅದನ್ನು ಕೇಳಿ ಬರೆದುಕೊಳ್ಳತೊಡಗಿದ್ದು ಆಮೇಲೆ. ಗ್ರಾಮಸಭೆ ತನ್ನ ಕಾಡಿನ ಬಗ್ಗೆ ಮಾಡುವ ಯೋಜನೆಗೆ, ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಸವರುವುದಕ್ಕೆ, ಜೇನು, ಸೀಗೆ, ನೆಲ್ಲಿ ಸಂಗ್ರಹಕ್ಕೆ ಯಾವ ಸನ್ನದೂ ಬೇಡ ಎಂದು ಕಾಯ್ದೆಯ ಮೊದಲ ಪುಟಗಳಲ್ಲೇ ಬರೆಯಬೇಕು. ಗ್ರಾಮಸಭೆ ಕರೆದರೆ ಹೋಗಿ ಸಲಹೆ ಕೊಡುವುದಷ್ಟೇ ನಮ್ಮ ಪಾಲು.

6. ಕಾಲೇಜುಗಳ ಕೊರತೆ ತುಂಬದೆ ಸನ್ನದಿನ ಮಾತಾಡಿದರೆ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ. ಖಾಲಿಯಿರುವ ಬೋಧಕ ಹುದ್ದೆಗಳನ್ನು ತುಂಬಬೇಕು. ಪ್ರತಿ ಕಾಲೇಜಿಗೂ ವಿದ್ಯಾರ್ಥಿಗಳೇ ಅಳೆದು, ನೆಟ್ಟು, ಹತ್ತಾರು ವರ್ಷ ದಾಖಲೆ ಇಟ್ಟುಕೊಂಡು ಹೋಗಬಹುದಾದ ಒಂದು ಕಾಡಿನ ತುಂಡನ್ನು ಇಲಾಖೆ ಬಿಟ್ಟುಕೊಡಬೇಕು. ಅರಣ್ಯ ಹಕ್ಕು ಕಾಯ್ದೆ, ಜೀವವೈವಿಧ್ಯ ಕಾಯ್ದೆಗಳನ್ನು ಅಂಕಕ್ಕೆ ಓದುವ ಬದಲು ನಿಜವಾದ ಕಡತಗಳನ್ನು ಮುಂದಿಟ್ಟು ಕಲಿಸಬೇಕು. ನಗರದ ಮರಗಳ ಕುರಿತು ಪ್ರತ್ಯೇಕ ಕೋರ್ಸ್ ಬೇಕು. ಬೆಂಗಳೂರಿನಲ್ಲಿ ಮುಂಗಾರು ಪೂರ್ವ ಮಳೆಗೆ ಪ್ರತಿ ವರ್ಷ ಮರಗಳು ಉರುಳಿ ಜೀವ ಹೋಗುತ್ತಿದೆ. ಪಾದಚಾರಿ ಮಾರ್ಗದ ಕೆಲಸದಲ್ಲಿ ಬೇರು ಕತ್ತರಿಸಿಕೊಂಡು, ಬುಡದವರೆಗೆ ಕಾಂಕ್ರೀಟ್ ಹಾಕಿಸಿಕೊಂಡ ಮರ ಗಾಳಿಗೆ ನಿಲ್ಲುವುದು ಹೇಗೆ? 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿ ಇದ್ದಾರೆ, ಆದರೆ ಒಂದೊಂದು ಮರದ ಟೊಳ್ಳು, ಅಣಬೆ, ಬೇರಿನ ಹಿಡಿತ ಪರೀಕ್ಷಿಸಿ ಬರೆದುಕೊಡುವ ಪಳಗಿದ ಕೈಗಳು ಅವರ ಬಳಿ ಇಲ್ಲ.

7. ವಲಯ ಅರಣ್ಯಾಧಿಕಾರಿ ಮತ್ತು ಎಸಿಎಫ್ ಹುದ್ದೆಗಳ ನೇರ ನೇಮಕಾತಿಗೆ ಅರಣ್ಯಶಾಸ್ತ್ರ ಪದವಿಯನ್ನೇ ಮೂಲ ಅರ್ಹತೆಯಾಗಿ ಮಾಡಬೇಕು.

ಈ ಹುದ್ದೆಗಳಲ್ಲಿ ನಮ್ಮ ಪದವಿಗೆ ಸಿಗುವ ಪಾಲು ನೇಮಕಾತಿ ನಿಯಮಗಳಲ್ಲಿರುವುದರಿಂದ ಒಂದು ಅಧಿಸೂಚನೆಯಲ್ಲಿ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಪ್ರಥಮ ವರ್ಷಕ್ಕೆ ಸೇರುವಾಗ ಇದ್ದ ನಿಯಮ ಪದವಿ ಮುಗಿಯುವಾಗ ಇರುತ್ತದೆಂಬ ನಂಬಿಕೆ ವಿದ್ಯಾರ್ಥಿಗಳಿಗಿಲ್ಲ. ಅರ್ಹತೆಯನ್ನು ಕಾಯ್ದೆಯಲ್ಲೇ ಕಟ್ಟಿಡಿ. ಜೊತೆಗೆ ಖರ್ಚಿನ ಲೆಕ್ಕವೂ ಇದೆ. ಆಯ್ಕೆಯಾದ ವಲಯ ಅರಣ್ಯಾಧಿಕಾರಿಗಳಿಗೆ ಸರ್ಕಾರ ಒಂದೂವರೆ ವರ್ಷ ತರಬೇತಿ ಕೊಡುತ್ತದೆ. ಅದರಲ್ಲಿ ವನಸಂವರ್ಧನೆ, ಅರಣ್ಯ ಮಾಪನ, ಮಣ್ಣು, ಸಸ್ಯ ಪರಿಚಯವೂ ಸೇರಿವೆ. ಇವನ್ನು ಸರ್ಕಾರದ ಹಣದಲ್ಲೇ ನಾಲ್ಕು ವರ್ಷ ಓದಿ ಬಂದವರಿಗೆ ಮತ್ತೆ ಕಲಿಸುವ ಬದಲು, ಆ ಅವಧಿಯನ್ನು ಅರಣ್ಯ ಅಪರಾಧ ತನಿಖೆ, ಮಹಜರು, ಆನೆ–ಮಾನವ ಸಂಘರ್ಷ, ಕಾಳ್ಗಿಚ್ಚಿನ ನಿರ್ವಹಣೆ, ಜನರೊಡನೆ ಮಾತುಕತೆ ಇವಕ್ಕೆ ಬಳಸಿದರೆ ಇಲಾಖೆಗೇ ಲಾಭ.

ಈಗಾಗಲೇ ಸೇವೆಯಲ್ಲಿರುವ, ಬೇರೆ ಪದವಿಯ ಅಧಿಕಾರಿಗಳ ಹುದ್ದೆಗೆ, ಬಡ್ತಿಗೆ ಇದರಿಂದ ಧಕ್ಕೆಯಾಗಬಾರದು. ಅವರಲ್ಲಿ ಕಾಡಿಗಾಗಿ ಜೀವ ತೇದವರಿದ್ದಾರೆ.

8. ಸರ್ಕಾರಿ ಕಾಡಿನ ಕಾರ್ಯಯೋಜನೆಗಳಿಗೂ ಹೆಸರು, ಹೊಣೆ ಇರಬೇಕು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಿಂದ, ಕೇಂದ್ರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ. ಹತ್ತು ವರ್ಷ ಒಂದು ವಿಭಾಗದ ಕಾಡು ಏನಾಗಬೇಕೆಂದು ಆ ದಾಖಲೆ ತೀರ್ಮಾನಿಸುತ್ತದೆ. ಅದನ್ನು ಸಿದ್ಧಪಡಿಸಿದ ತಂಡದಲ್ಲಿ ನೋಂದಾಯಿತ ವೃತ್ತಿಪರರು ಕಡ್ಡಾಯವಾಗಿ ಇರಬೇಕು. ಸಾರಾಂಶ ಕನ್ನಡದಲ್ಲಿ ಅಚ್ಚಾಗಿ ಆ ವಿಭಾಗದ ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಬೇಕು. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರಗ‍ಳನ್ನು ಅಪ್ಪಿ ನಿಂತದ್ದು, ಕಾಗದದಲ್ಲಿ ಬರೆದ ಕಡಿತಲೆಗೂ ಕಣ್ಣೆದುರಿನ ಕಡಿತಲೆಗೂ ತಾಳೆಯಾಗದಿದ್ದಾಗ. ಆ ಊರಿರುವ ಶಿರಸಿ ಸೀಮೆಯಲ್ಲೇ ಓದಿದ ನಾವು ಅದನ್ನು ಮರೆಯುವಂತಿಲ್ಲ.

9. ಶಿಸ್ತಿನ ನಿಯಮ ಕಟುವಾಗಿರಲಿ.

ನೋಂದಾಯಿತರ ಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದಿರಬೇಕು. ಸ್ಥಳಕ್ಕೆ ಹೋಗದೆ ಸಹಿ ಮಾಡಿದರೆ, ಒಂದು ವರದಿಯ ಜಾತಿಪಟ್ಟಿಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ, ಸಸಿ ಮಾರುವವರಿಂದ ಹಣ ಪಡೆದು ರೈತರಿಗೆ ಸಲಹೆ ಕೊಟ್ಟರೆ ಸನ್ನದು ಅಮಾನತಾಗಬೇಕು, ಗಂಭೀರವಾದರೆ ರದ್ದಾಗಬೇಕು. ದೂರು ಕೊಡುವ ಹಕ್ಕು ಪ್ರತಿ ನಾಗರಿಕರಿಗೂ ಇರಬೇಕು, ಅರ್ಜಿ ಶುಲ್ಕವಿಲ್ಲದೆ. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಹೊಸ ಓದಿನ ಪುರಾವೆ.

ಇದರ ಇನ್ನೊಂದು ಮುಖವನ್ನೂ ಬರೆಯಬೇಕು. ಸುಳ್ಳು ಲೆಕ್ಕಕ್ಕೆ ಸಹಿ ಹಾಕುವುದಿಲ್ಲ ಎಂದವರಿಗೆ ವರ್ಗಾವಣೆ, ಬಿಲ್ ತಡೆ, ಗುತ್ತಿಗೆ ರದ್ದು ಎಂಬ ಶಿಕ್ಷೆ ಕಾದಿರುತ್ತದೆ. ಪರಿಸರ ವರದಿ ತಯಾರಿಸುವ ಸಂಸ್ಥೆಗೆ ಹಣ ಕೊಡುವವರು ಯೋಜನೆಯವರೇ. ಸಂಬಳ ಕೊಡುವವರಿಗೆ ಬೇಡವಾದ ಮರವನ್ನು ಪಟ್ಟಿಯಲ್ಲಿ ಬರೆಯಲು ಇಪ್ಪತ್ತಮೂರು ವರ್ಷದ ಹುಡುಗಿಗೆ ಧೈರ್ಯ ಎಲ್ಲಿಂದ ಬರಬೇಕು? ನಿರಾಕರಿಸಿದವರ ಹೇಳಿಕೆಯನ್ನು ಪರಿಷತ್ತು ಗುಪ್ತವಾಗಿ ದಾಖಲಿಸಿಕೊಳ್ಳಬೇಕು. ಅದೇ ಕೆಲಸವನ್ನು ಬೇರೊಬ್ಬರಿಂದ ಸಹಿ ಮಾಡಿಸಿದರೆ ಆ ವರದಿ ತಾನಾಗಿಯೇ ಮರುಪರಿಶೀಲನೆಗೆ ಬರಬೇಕು. ಇಷ್ಟು ರಕ್ಷಣೆಯಿಲ್ಲದೆ ಹೊಣೆ ಮಾತ್ರ ಹೊರಿಸಿದರೆ ಸಿಕ್ಕಿಬೀಳುವವರು ಕಿರಿಯರು.

10. ಎರಡು ಹೆಕ್ಟೇರಿಗಿಂತ ಕಡಿಮೆ ಜಮೀನಿನ ರೈತರಿಗೆ ಈ ಸೇವೆ ಉಚಿತವಾಗಿ ಸಿಗಬೇಕು. ಹೋಬಳಿಗೊಂದರಂತೆ ಇರುವ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅರಣ್ಯ ಬಲ್ಲ ಒಬ್ಬ ನೋಂದಾಯಿತ ವೃತ್ತಿಪರರನ್ನು ನೇಮಿಸಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಕೊಟ್ಟು, ಬದುಕಿದ ಸಸಿಗೆ ಹಣ ಕೊಡುವ ಸರ್ಕಾರ, ಯಾವ ಹೊಲಕ್ಕೆ ಯಾವ ಸಸಿ ಎಂದು ಹೇಳುವವರನ್ನೂ ಕೊಡಬೇಕು.

11. ಹೆಣ್ಣುಮಕ್ಕಳು ನಮ್ಮ ತರಗತಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕ್ಷೇತ್ರಕಾರ್ಯದ ಕ್ಯಾಂಪುಗಳಲ್ಲಿ ಬೀಗ ಹಾಕುವ ಕೋಣೆ, ಶೌಚಾಲಯ, ನೀರು, ಸಂಜೆ ಮರಳಿ ತರಲು ವಾಹನ, ದೂರು ಸಮಿತಿ ಇಲ್ಲದ ಕಡೆ ಅವರ ಎರಡು ವರ್ಷವನ್ನು ಲೆಕ್ಕಕ್ಕೆ ಹಿಡಿಯುವ ಹಕ್ಕು ಯಾವ ಮೇಲ್ವಿಚಾರಕರಿಗೂ ಇರಬಾರದು. ಹೆರಿಗೆಯ ಕಾರಣಕ್ಕೆ ಅವಧಿ ತುಂಡಾದರೆ ಮೊದಲಿನಿಂದ ಶುರು ಮಾಡಿಸಬಾರದು.

12. ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯಕ್ಕೂ ಕೃಷಿ ಅನುಸಂಧಾನ ಪರಿಷತ್ತಿಗೂ ರಾಜ್ಯ ಸರ್ಕಾರ ಪತ್ರ ಬರೆದು, ರಾಷ್ಟ್ರಮಟ್ಟದ ಅರಣ್ಯಶಾಸ್ತ್ರ ಪರಿಷತ್ತಿನ ಮಸೂದೆಗೆ ಒತ್ತಾಯಿಸಬೇಕು. ಅದು ಬರುವವರೆಗೆ ನೆರೆಯ ರಾಜ್ಯಗಳೊಂದಿಗೆ ಪರಸ್ಪರ ಮಾನ್ಯತೆಯ ಒಪ್ಪಂದ ಮಾಡಿಕೊಳ್ಳಬೇಕು. ಪಶ್ಚಿಮ ಘಟ್ಟ ರಾಜ್ಯದ ಗಡಿಗೆ ನಿಲ್ಲುವುದಿಲ್ಲ. ಹೊರದೇಶಕ್ಕೆ ಹೋದ ನಮ್ಮವರೂ ಇಂಥ ಪರಿಷತ್ತಿಲ್ಲದೆ ಕಷ್ಟಪಡುತ್ತಿದ್ದಾರೆ: ಅಲ್ಲಿನ ನೋಂದಣಿ ಸಂಸ್ಥೆಗಳು ಒಬ್ಬೊಬ್ಬರ ಅಂಕಪಟ್ಟಿಯನ್ನೂ ವಿಷಯವಾರು ಬಿಡಿಸಿ ನೋಡುತ್ತವೆ, ಏಕೆಂದರೆ ಹೋಲಿಸಲು ನಮ್ಮಲ್ಲಿ ನೋಂದಣಿ ಎಂಬುದೇ ಇಲ್ಲ.

13. ಮಸೂದೆಯ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಅರವತ್ತು ದಿನ ಆಕ್ಷೇಪಣೆಗೆ ಬಿಡಬೇಕು. ಶಿರಸಿ, ಪೊನ್ನಂಪೇಟೆ, ಚಾಮರಾಜನಗರ, ಬಳ್ಳಾರಿ ಮತ್ತು ಬೆಂಗಳೂರಿನಲ್ಲಿ ಬಹಿರಂಗ ವಿಚಾರಣೆ ನಡೆಸಬೇಕು. ಬಳ್ಳಾರಿಯನ್ನು ಬೇಕೆಂದೇ ಸೇರಿಸಿದ್ದೇವೆ. ಗಣಿ ತೋಡಿದ ಸಂಡೂರಿನ ಗುಡ್ಡಗಳಲ್ಲಿ ಮತ್ತೆ ಕಾಡು ಎಬ್ಬಿಸುವ ಕೆಲಸಕ್ಕೆ ಯಾರ ಸಹಿ ಬೇಕೆಂದು ಅಲ್ಲಿನ ಜನ ಹೇಳಬೇಕು. ಕರಡು ಸಮಿತಿಯಲ್ಲಿ ನಮ್ಮ ಇಬ್ಬರು ಪ್ರತಿನಿಧಿಗಳಿಗೆ, ಅವರಲ್ಲೊಬ್ಬರು ಈಗ ಓದುತ್ತಿರುವ ವಿದ್ಯಾರ್ಥಿನಿಯಾಗಿರುವಂತೆ, ಸ್ಥಾನ ಕೊಡಬೇಕು. ಈ ಪತ್ರಕ್ಕೆ ಲಿಖಿತ ಉತ್ತರವನ್ನು ಮುಂದಿನ ವಿಧಾನಮಂಡಲ ಅಧಿವೇಶನ ಆರಂಭವಾಗುವ ಮೊದಲು ಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ಅರಣ್ಯಶಾಸ್ತ್ರ ಪದವೀಧರರು ಮತ್ತು ವಿದ್ಯಾರ್ಥಿಗಳು